ಬೀಗದ ಕೈ ಯಾರ ಬಳಿ? ನಿವಾಸಿಗಳ ಜೊತೆ ಕಲಾ ಜಾಗ ರೂಪಿಸುವ ಬಗೆ

"ಜನರನ್ನು ಕೇಳಿಯೇ ಮಾಡಿದ್ದೇವೆ" ಎನ್ನುವ ಎಷ್ಟೋ ಕಲಾಕೇಂದ್ರಗಳಲ್ಲಿ ಜನ ಆರಿಸಿದ್ದು ಗೋಡೆಯ ಬಣ್ಣವೊಂದನ್ನೇ. ಅಮೆರಿಕದ ನೀತಿ ವಿಶ್ಲೇಷಕಿ ಶೆರಿ ಅರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಅಭಿಪ್ರಾಯ ಕೇಳುವುದು ಅದರಲ್ಲಿ ನಾಲ್ಕನೆಯ ಮೆಟ್ಟಿಲು, ಪಾಲುದಾರಿಕೆ ಆರನೆಯದು. ಇನ್ನೆಷ್ಟು ಸಭೆ ಕರೆದರೂ ಆ ಎರಡು ಮೆಟ್ಟಿಲು ಏರಲಾಗುವುದಿಲ್ಲ. ತೀರ್ಮಾನಿಸುವ ಹಕ್ಕು ಕೈ ಬದಲಾಗಬೇಕು.

ಆದ್ದರಿಂದ ಮೊದಲ ಕೆಲಸ ಒಂದು ಹಾಳೆ, ಅದರಲ್ಲಿ ಮೂರು ಅಂಕಣ: ಈಗಾಗಲೇ ತೀರ್ಮಾನವಾದದ್ದು, ನಿವಾಸಿಗಳು ತೀರ್ಮಾನಿಸುವುದು, ಕಲಾವಿದರು ತೀರ್ಮಾನಿಸುವುದು. ಒಟ್ಟು ಹಣ, ಭಾರ ಹೊತ್ತ ಗೋಡೆಗಳು, ಬೆಂಕಿ ಬಿದ್ದಾಗ ಹೊರಹೋಗುವ ದಾರಿ ಇವೆಲ್ಲ ಮೊದಲ ಅಂಕಣಕ್ಕೆ. ಇದನ್ನು ಮುಚ್ಚಿಟ್ಟು "ಏನು ಬೇಕಾದರೂ ಕೇಳಿ" ಎಂದರೆ, ಎರಡು ತಿಂಗಳ ನಂತರ "ಅದು ಆಗಲ್ಲ" ಎನ್ನಬೇಕಾಗುತ್ತದೆ. ಆಮೇಲೆ ಯಾರೂ ಬರುವುದಿಲ್ಲ. ಜಂಟಿಯಾಗಿ ಮಾಡಿದ ಕೆಲಸದ ಹಕ್ಕು ಯಾರದು, ಫೋಟೊ ಯಾರ ಒಪ್ಪಿಗೆ ಪಡೆದು ತೆಗೆಯುವುದು ಎಂಬುದನ್ನೂ ಇದೇ ಹಾಳೆಯಲ್ಲಿ ಬರೆಯಿರಿ.

ಜಾಗ ರೂಪಿಸುವ ತಂಡದಲ್ಲಿ ಎಂಟು ಹತ್ತು ನಿವಾಸಿಗಳಿದ್ದರೆ ಸಾಕು. ಅವರ ಸಮಯಕ್ಕೂ ಹಣ ಕೊಡಿ. ಕಲಾವಿದರಿಗೆ ಸಂಭಾವನೆ, ನಿವಾಸಿಗಳಿಗೆ ಬರೀ ಧನ್ಯವಾದ ಎಂದಾದರೆ ಕೊನೆಗೆ ಉಳಿಯುವವರು ಬಿಡುವಿದ್ದವರು ಮಾತ್ರ; ಜಾಗವೂ ಅವರಿಗೆ ಒಪ್ಪುವಂತೆಯೇ ಆಗುತ್ತದೆ.

ರೆಸಿಡೆನ್ಸಿಗೆ, ಅಂದರೆ ಕಲಾವಿದರು ಆ ಜಾಗದಲ್ಲೇ ಇದ್ದು ಕೆಲಸ ಮಾಡುವ ಅವಧಿಗೆ, ಕನಿಷ್ಠ ಹನ್ನೆರಡು ವಾರ ಇರಲಿ. ಮೊದಲ ಮೂರು ವಾರ ಒಂದು ಗೆರೆಯನ್ನೂ ಎಳೆಯಬೇಡಿ. ಕಲಾವಿದರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಾಗಿಲ ಬಳಿ ಕೂತು ಯಾರು ನಿಲ್ಲುತ್ತಾರೆ, ಯಾರು ಇಣುಕಿ ಮುಂದೆ ಹೋಗುತ್ತಾರೆ ಎಂದು ಗುರುತು ಹಾಕಿಕೊಳ್ಳಿ. "ನಿಮಗೆ ಏನು ಬೇಕು?" ಎಂದು ಕೇಳಬೇಡಿ, ಜನ ಬೇರೆಡೆ ನೋಡಿದ್ದನ್ನೇ ಪಟ್ಟಿ ಮಾಡುತ್ತಾರೆ. "ಇಂಥ ಜಾಗಕ್ಕೆ ಹೋಗಿ ಬಾಗಿಲಲ್ಲೇ ವಾಪಸ್ ಬಂದದ್ದು ಯಾವಾಗ? ಏಕೆ?" ಎಂದು ಕೇಳಿ ನೋಡಿ. ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯಲಿಲ್ಲ, ಶೌಚಾಲಯ ಎಲ್ಲಿದೆಯೆಂದು ಕೇಳಲು ಸಂಕೋಚವಾಯಿತು, ಮಗು ಅತ್ತರೆ ಎಲ್ಲರೂ ತಿರುಗಿ ನೋಡಿದರು: ವಿನ್ಯಾಸಕ್ಕೆ ಬೇಕಾದ ಸಾಮಗ್ರಿ ಇಂಥ ಉತ್ತರಗಳಲ್ಲೇ ಇರುತ್ತದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1993ರಲ್ಲಿ ಶುರುವಾದ ಕಲಾ ಯೋಜನೆ ಪ್ರಾಜೆಕ್ಟ್ ರೋ ಹೌಸಸ್‌ನಲ್ಲಿ ಸಾಲು ಮನೆಗಳ ಒಂದು ಭಾಗ ಕಲಾವಿದರಿಗೆ ಹೋದರೆ, ಇನ್ನೊಂದು ಭಾಗ ಒಂಟಿಯಾಗಿ ಮಕ್ಕಳನ್ನು ಸಾಕುವ ಯುವ ತಾಯಂದಿರ ವಾಸಕ್ಕೆ ಹೋಯಿತು. ಹಾಗಾಗಿ ನಿವಾಸಿಗಳಿಂದ ಕಲೆಯಲ್ಲದ ಬೇಡಿಕೆ ಬಂದರೆ ಗಾಬರಿಯಾಗಬೇಕಿಲ್ಲ.

ನಾಲ್ಕನೇ ವಾರ ಮಾಡೆಲ್ ಮಾಡಿ. 1:20 ಅಳತೆಯಲ್ಲಿ 9 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆ 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ರಟ್ಟಾಗುತ್ತದೆ, 160 ಸೆಂ.ಮೀ. ಎತ್ತರದ ವ್ಯಕ್ತಿ 8 ಸೆಂ.ಮೀ. ಗೊಂಬೆ. ಪೀಠೋಪಕರಣಗಳನ್ನು ಅಂಟಿಸಬೇಡಿ. ಮಾಡೆಲ್ ತೀರಾ ಚೆಂದವಾಗಿಯೂ ಇರಬಾರದು. ನುಣುಪಾಗಿದ್ದರೆ ಜನ "ಚೆನ್ನಾಗಿದೆ" ಎಂದು ಹೊರಟುಬಿಡುತ್ತಾರೆ, ಒರಟು ರಟ್ಟಾದರೆ ಕತ್ತರಿ ಎತ್ತಿಕೊಳ್ಳುತ್ತಾರೆ. ಒಂದು ಮೇಜಿಗೆ ಆರೇಳು ಜನ, ತೊಂಬತ್ತು ನಿಮಿಷ, ಅಷ್ಟೇ.

ಅಗಲ ಸಾಲುತ್ತದೆಯೇ ಎಂಬುದನ್ನು ಮಾಡೆಲ್ ಹೇಳುವುದಿಲ್ಲ. ಅದಕ್ಕೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಿಜ ಅಳತೆಯಲ್ಲಿ ನಡೆದು ನೋಡಬೇಕು. ವೀಲ್‌ಚೇರ್ ತಿರುಗಲು 1.5 ಮೀಟರ್ ವ್ಯಾಸದ ಖಾಲಿ ಜಾಗ, ಬಾಗಿಲು ತೆರೆದಾಗ 90 ಸೆಂ.ಮೀ. ದಾರಿ ಸಿಗಲಿ. ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಅಂದರೆ 15 ಸೆಂ.ಮೀ. ಮೆಟ್ಟಿಲಿಗೆ 1.8 ಮೀಟರ್ ಉದ್ದ ಬೇಕು, ಮೇಲೆ ನಿಲ್ಲಲು 1.5 ಮೀಟರ್ ಸಮತಟ್ಟು ಬೇರೆ. ಬಾಗಿಲ ಮುಂದಿನ ಜಾಗವನ್ನೆಲ್ಲ ಇದು ನುಂಗಿಬಿಡುತ್ತದೆ ಎಂಬುದು ಟೇಪ್ ಅಂಟಿಸಿದಾಗಲೇ ಗೊತ್ತಾಗುವುದು. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ: ಸದ್ದು ಝೇಂಕರಿಸಿದರೆ, ಹತ್ತು ಜನ ಮಾತಾಡುವಾಗ ಶ್ರವಣಯಂತ್ರ ಹಾಕಿದವರಿಗೆ ಏನೂ ತಿಳಿಯುವುದಿಲ್ಲ. ದಪ್ಪ ಪರದೆ, ಗೋಡೆಗೆ ಮೆತ್ತನೆಯ ಪಿನ್‌ಬೋರ್ಡ್ ಹಾಕಿ. ಚಿತ್ರ ತೂಗುಹಾಕಲೂ ಅದೇ ಆಗುತ್ತದೆ.

ಎಲ್ಲರೂ ಮರೆಯುವುದು ಸಿಂಕ್ ಮತ್ತು ಕಪಾಟು. ಜೇಡಿಮಣ್ಣಿನ ಕೈಯನ್ನು ನೇರ ಸಿಂಕಿನಲ್ಲಿ ತೊಳೆದರೆ ಪೈಪ್ ಕಟ್ಟಿಕೊಳ್ಳುತ್ತದೆ. ಎರಡು ಬಕೆಟ್ ಇಡಿ: ಮೊದಲನೆಯದರಲ್ಲಿ ಕೊಳೆ, ಎರಡನೆಯದರಲ್ಲಿ ಜಾಲಾಡಿಕೆ, ಆಮೇಲೆ ಸಿಂಕ್. ತಳದಲ್ಲಿ ಕೂತ ಮಣ್ಣು ಕಸಕ್ಕೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತೂ ನೀರಿನೊಳಗೂ ಗಟ್ಟಿಯಾಗುತ್ತದೆ, ಅದನ್ನು ಪೈಪಿಗೆ ಬಿಡಲೇಬಾರದು. ಅರ್ಧ ಮುಗಿದ ಕೆಲಸಗಳನ್ನಿಡಲು ನೆಲದ ಐದನೇ ಒಂದು ಭಾಗವಾದರೂ ಮೀಸಲಿಡಿ. ಚಿತ್ರ ಬಿಟ್ಟುಹೋಗಲು ಜಾಗವಿದ್ದರೆ ಜನ ಮುಂದಿನ ವಾರವೂ ಬರುತ್ತಾರೆ.

ಹಾಳೆಯ ಮೇಲೆ ಬಣ್ಣದ ಚುಕ್ಕಿ ಅಂಟಿಸಿ ಮತ ಹಾಕುವ ಪದ್ಧತಿಯಲ್ಲಿ ಒಂದು ದೋಷವಿದೆ: ಮೊದಲ ಐದಾರು ಚುಕ್ಕಿ ಬಿದ್ದಲ್ಲೇ ಉಳಿದವೂ ಬೀಳುತ್ತವೆ. ಮೊದಲು ಎಲ್ಲರೂ ಚೀಟಿಯಲ್ಲಿ ಬರೆಯಲಿ, ನಂತರ ಒಟ್ಟಿಗೆ ತೆರೆಯಿರಿ. ಒಪ್ಪದ ಸಲಹೆಗಳನ್ನೂ ಕಾರಣದ ಸಮೇತ ಬಾಗಿಲ ಬಳಿ ಬರೆದು ಹಾಕಿ. "ಪರಿಶೀಲನೆಯಲ್ಲಿದೆ" ಎಂಬ ಪದವನ್ನು ಯಾರೂ ನಂಬುವುದಿಲ್ಲ.

ಎಂಟನೇ ವಾರದಲ್ಲೇ ಬೀಗದ ಕೈ ಹಂಚಿ, ಉದ್ಘಾಟನೆಗೆ ಕಾಯಬೇಡಿ. ಕನಿಷ್ಠ ಮೂವರು ನಿವಾಸಿಗಳ ಬಳಿ ಕೈ ಇರಲಿ. ಕಲಾವಿದರಿಲ್ಲದ ದಿನ ಅವರೇ ತೆರೆದು, ಮುಚ್ಚಿ, ಫ್ಯೂಸ್ ಹೋದರೆ ಏನು ಮಾಡುವುದೆಂದು ಕಲಿಯಲಿ. ಆಗ ಎದುರಾದ ತೊಡಕುಗಳನ್ನು ಸರಿಪಡಿಸಲು ಉಳಿದ ನಾಲ್ಕು ವಾರ. ಒಟ್ಟು ಹಣದ ಹತ್ತನೇ ಒಂದು ಭಾಗವನ್ನು ಮುಟ್ಟದೆ ಉಳಿಸಿ, ಆರು ತಿಂಗಳ ನಂತರ ಕಲಾವಿದರು ಎರಡು ದಿನ ಮರಳಿ ಬರಲಿ. ಎಲ್ಲಿ ನೆಲ ಸವೆದಿದೆ, ಯಾವ ಕುರ್ಚಿ ಮೂಲೆ ಸೇರಿದೆ ಎಂದು ನೋಡಿ, ಆ ಹಣವನ್ನು ಆಗ ಖರ್ಚು ಮಾಡಿ.