ಅರ್ಧ ಬಕೆಟ್ ನೀರಲ್ಲಿ ಕಾರು ತೊಳೆದು ವ್ಯಾಕ್ಸ್ ಉಳಿಸಿಕೊಂಡ ನನ್ನ ಅನುಭವ

ವ್ಯಾಕ್ಸ್, ಅಂದರೆ ಬಣ್ಣ ಕಾಯಲಿ ಅಂತ ಮೇಲೆ ಬಳಿಯುವ ಮೇಣ, ಹಾಕಿದ ಕಾರನ್ನು ಅರ್ಧ ಬಕೆಟ್ ನೀರಲ್ಲಿ ತೊಳೆದರೆ ವ್ಯಾಕ್ಸ್ ಜಾಸ್ತಿ ದಿನ ಬರುತ್ತದೆ ಅಂತ ನಾನು ಹೇಳಿದಾಗ ನಮ್ಮ ಕಸುಬಿನವರು ಯಾರೂ ಒಪ್ಪಲಿಲ್ಲ. ‘ಧೂಳಿನ ಮೇಲೆ ಬಟ್ಟೆ ಎಳೀತೀಯಲ್ಲ ಗುರು, ಬಾನೆಟ್ ತುಂಬ ಗೀರು ಬೀಳುತ್ತೆ. ಕಸ್ಟಮರ್ ನಿನ್ನ ಕೈಯಿಂದಲೇ ಪಾಲಿಶ್ ದುಡ್ಡು ಕಕ್ಕಿಸ್ತಾರೆ’ ಅಂದರು. ಈಗ ಎರಡು ಮಳೆಗಾಲ ಕಳೆದಿದೆ. ಗಾಡಿಗಳು ನನ್ನ ಕೈಯಲ್ಲೇ ಇವೆ, ಗೀರೂ ಇಲ್ಲ. ಮಳೆ ಬಿದ್ದರೆ ನೀರು ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತು ಜಾರಿಹೋಗುತ್ತದೆ. ಒಮ್ಮೆ ಹಾಕಿದ ವ್ಯಾಕ್ಸ್ ನಾಲ್ಕೈದು ತಿಂಗಳು ಬರುತ್ತಿದೆ.

ನಾನು ಬೆಂಗಳೂರಿನ ಪೂರ್ವದ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗ್ಗೆ ಹೊತ್ತು ಕಾರು ತೊಳೆಯುವವನು. ನಮ್ಮ ಕಡೆ ಬಹಳ ಕಟ್ಟಡಗಳಿಗೆ ಬೋರ್ ನೀರು, ಇಲ್ಲವೇ ಟ್ಯಾಂಕರ್. ಮೊದಲು ಎಲ್ಲರ ಹಾಗೆ ನಾನೂ ಪ್ರೆಶರ್ ಪಂಪ್ ಇಟ್ಟುಕೊಂಡಿದ್ದೆ. ಸುಮಾರು ಒಂಬತ್ತು ಸಾವಿರ ಕೊಟ್ಟಿದ್ದೆ, ಫೋಮ್ ಗನ್ ಬೇರೆ. ಕಾರು ಪೂರ್ತಿ ಬೆಳ್ಳಗೆ ನೊರೆ ಮುಚ್ಚಿದಾಗ ಕಸ್ಟಮರ್ ನಿಂತು ಫೋಟೋ ತೆಗೆಯುತ್ತಿದ್ದರು. ಆದರೆ ವ್ಯಾಕ್ಸ್ ಹಾಕಿ ಒಂದೂವರೆ ತಿಂಗಳಿಗೆ ನೀರು ಹನಿಗಟ್ಟುವುದು ನಿಲ್ಲುತ್ತಿತ್ತು. ಹಾಳೆಯ ಹಾಗೆ ಹರಡಿಕೊಂಡು ಅಲ್ಲೇ ಒಣಗುತ್ತಿತ್ತು. ‘ನೀವು ಹಾಕಿದ್ದು ಡೂಪ್ಲಿಕೇಟ್ ವ್ಯಾಕ್ಸಾ?’ ಅಂತ ಒಬ್ಬರು ಕೇಳಿಯೇ ಬಿಟ್ಟರು. ಹೆಸರು ಕೆಡಬಾರದು ಅಂತ ಕೆಲವರಿಗೆ ಪುಕ್ಕಟೆ ಮತ್ತೆ ಹಾಕಿಕೊಟ್ಟೆ. ಡಬ್ಬ, ಪ್ಯಾಡು, ಬಟ್ಟೆ ಎಲ್ಲ ಸೇರಿ ಏಳೆಂಟು ಸಾವಿರ ಕೈಯಿಂದ ಹೋಯಿತು. ಕೂಲಿ ಲೆಕ್ಕ ಹಿಡಿದಿಲ್ಲ.

ಮೊದಲು ಶಾಂಪೂ ಮೇಲೆ ಅನುಮಾನ ಬಂತು. ಪಿಎಚ್ ಕಾಗದ ತಂದು ಒಂದೊಂದನ್ನೂ ನೋಡಿದೆ. ಅದರಲ್ಲಿ ಏಳು ಬಂದರೆ ಸಾಧು, ಮೇಲೆ ಹೋದಷ್ಟೂ ಖಾರ. ಹೆಸರಿಲ್ಲದ ಐದು ಲೀಟರ್ ಕ್ಯಾನಿನ ಫೋಮ್ ಹತ್ತರ ಹತ್ತಿರ ತೋರಿಸಿತು, ಬಟ್ಟೆ ಸೋಪಿನ ಪುಡಿಯೂ ಹಾಗೆಯೇ. ಪಾತ್ರೆ ತೊಳೆಯುವ ಲಿಕ್ವಿಡ್ ಕಾಗದದಲ್ಲಿ ಸಾಧು. ಆದರೆ ಅದು ಜಿಡ್ಡು ಎತ್ತಲಿಕ್ಕೆ ಅಂತಲೇ ಮಾಡಿದ್ದು, ವಾರ ವಾರ ಹಾಕಿದರೆ ವ್ಯಾಕ್ಸ್ ತೆಳುವಾಗುತ್ತಾ ಬರುತ್ತದೆ. ಇನ್ನು ವಾಟರ್ ಸರ್ವಿಸ್‌ಗಳಲ್ಲಿ ಗಾಡಿ ಅಡಿಗೆ ಡೀಸೆಲ್ ಹೊಡೆಯುತ್ತಾರಲ್ಲ, ಅದು ಡೋರಿನ ಕೆಳಭಾಗಕ್ಕೂ ಹಾರುತ್ತದೆ. ಡೀಸೆಲ್ ಮುಟ್ಟಿದ ಕಡೆ ವ್ಯಾಕ್ಸ್ ಉಳಿಯುವುದಿಲ್ಲ. ‘ಬಿಸಿಲಿಗೆ ಕರಗಿಹೋಗುತ್ತೆ’ ಅನ್ನುವವರೂ ಇದ್ದಾರೆ. ವ್ಯಾಕ್ಸಿನಲ್ಲಿರುವ ಕಾರ್ನೌಬಾ ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ, ಕರಗಬೇಕಾದರೆ 80 ಡಿಗ್ರಿ ದಾಟಬೇಕು. ನೆರಳಲ್ಲಿ, ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರಿಗೆ ಆ ಮಾತು ಹೊಂದುವುದಿಲ್ಲ.

ಒಳ್ಳೆಯ ಶಾಂಪೂ ತಂದೆ, ಬೆಲೆ ಮೂರು ಪಟ್ಟು. ಆದರೂ ಎರಡು ತಿಂಗಳು ದಾಟಲಿಲ್ಲ. ಆಗ ನೀರಿನ ಕಡೆ ಗಮನ ಹೋಯಿತು. ನೀರಲ್ಲಿ ಉಪ್ಪು, ಸುಣ್ಣ ಎಷ್ಟು ಕರಗಿದೆ ಅಂತ ತೋರಿಸುವ, ಇನ್ನೂರು ಚಿಲ್ಲರೆಗೆ ಸಿಗುವ ಟಿಡಿಎಸ್ ಮೀಟರ್ ಅದ್ದಿದರೆ ನಮ್ಮ ಬೋರ್ ನೀರು ಸಾವಿರದ ಹತ್ತಿರ. ಕಾವೇರಿ ನಲ್ಲಿ ಇರುವ ಮನೆಯಲ್ಲಿ ಇನ್ನೂರರ ಆಸುಪಾಸು. ಇಂಥ ಗಡಸು ನೀರನ್ನು ಕಾರಿನ ಮೇಲೆ ಬಕೆಟ್‌ಗಟ್ಟಲೆ ಸುರಿದು, ಒರೆಸುವ ಮೊದಲೇ ಅರ್ಧ ಒಣಗಲು ಬಿಟ್ಟರೆ ಸುಣ್ಣದ ಪದರ ಕೂರದೆ ಇರುತ್ತದಾ?

ಒಂದು ಕಪ್ಪು ಗಾಡಿ ಇತ್ತು, ವ್ಯಾಕ್ಸ್ ಪೂರ್ತಿ ಹೋಗಿದೆ ಅಂತ ಓನರ್ ತೀರ್ಮಾನ ಮಾಡಿಬಿಟ್ಟಿದ್ದರು. ಅವರನ್ನು ಕೇಳಿಕೊಂಡು ಬಾನೆಟ್ಟಿನ ಅರ್ಧಕ್ಕೆ ಬಿಳಿ ವಿನೆಗರ್ ಹಾಕಿದೆ. ಹತ್ತು ಪಾಲು ಮೆದು ನೀರಿಗೆ ಒಂದು ಪಾಲು, ಒಣಗಲು ಬಿಡದೆ ಒರೆಸಿ ತೆಗೆದೆ. ನೀರು ಚಿಮುಕಿಸಿದರೆ ಆ ಅರ್ಧದಲ್ಲಿ ಹನಿ ಗುಂಡಗೆ ನಿಂತಿತು! ಹೊಸ ವ್ಯಾಕ್ಸ್ ಒಂದು ಚೂರೂ ಹಾಕಿರಲಿಲ್ಲ. ಹಳೆಯದೇ ಸುಣ್ಣದ ಅಡಿಯಲ್ಲಿ ಮುಚ್ಚಿಹೋಗಿತ್ತು. ಹೋಗಿದೆ ಅಂದುಕೊಂಡು ನಾವೆಲ್ಲ ಮತ್ತೆ ಮತ್ತೆ ಮೇಲೆ ಬಳಿಯುತ್ತಿದ್ದದ್ದು ಸುಣ್ಣದ ಮೇಲೆ. ಅಂಥ ವ್ಯಾಕ್ಸ್ ಹಿಡಿಯುವುದು ಹೇಗೆ?

ಅಷ್ಟರಲ್ಲಿ 2024ರ ಬೇಸಿಗೆ ಬಂತು. ಬೋರ್‌ಗಳು ಬತ್ತಿದವು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಅಪಾರ್ಟ್‌ಮೆಂಟಿನವರು ಎಸ್‌ಟಿಪಿ ನೀರು, ಅಂದರೆ ಕೊಳಚೆ ಶುದ್ಧ ಮಾಡಿ ಬಿಡುವ ನೀರು, ಬಳಸಿ ಅಂದರು. ಅದರ ಟಿಡಿಎಸ್ ನೋಡಿದೆ, ಬೋರ್ ನೀರಿಗಿಂತ ಜಾಸ್ತಿ. ನೆಲ ತೊಳೆಯಲು ಸಾಕು, ಕಾರಿಗೆ ಬೇಡ. ಪಂಪ್ ಮೂಲೆಗೆ ಸೇರಿತು, ಆಮೇಲೆ ನಾಲ್ಕು ಸಾವಿರಕ್ಕೆ ಮಾರಿದೆ. ಓಎನ್‌ಆರ್ ಥರದ ರಿನ್ಸ್‌ಲೆಸ್ ಲಿಕ್ವಿಡ್, ಅಂದರೆ ಒರೆಸಿದ ಮೇಲೆ ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ್ದು, ಹಿಡಿದದ್ದು ಆಗಲೇ. ಏಳೆಂಟು ಲೀಟರ್ ನೀರಿಗೆ ಮೂವತ್ತು ಎಂಎಲ್, ಜಾಸ್ತಿ ಹಾಕಿದರೆ ಜಿಗುಟು. ನೀರು ಮಾತ್ರ ಮೆದುವಾಗಿರಬೇಕು. ಅರ್ಧ ಬಕೆಟ್ ತಾನೇ, ಹೇಗಾದರೂ ಹೊಂದಿಸಬಹುದು.

ಗೀರು ಬೀಳದ ಗುಟ್ಟಿರುವುದು ಟವೆಲ್‌ನಲ್ಲಿ. ಹಿಂದಿನ ದಿನದ ಧೂಳಿನ ಮೇಲೆ ಒಣ ಬ್ರಷ್ ಆಡಿಸಲೇಬಾರದು. ಅದೇ ಲಿಕ್ವಿಡ್ಡನ್ನು ಸ್ವಲ್ಪ ಗಟ್ಟಿ ಮಾಡಿ ಪಂಪ್ ಬಾಟಲಿಯಲ್ಲಿ ಮೊದಲು ಸ್ಪ್ರೇ ಮಾಡುತ್ತೇನೆ. ಎರಡು ನಿಮಿಷ ಬಿಟ್ಟರೆ ಧೂಳು ಸಡಿಲವಾಗುತ್ತದೆ. ಮೈಕ್ರೋಫೈಬರ್ ಟವೆಲ್ ಮಡಚಿ ಎಂಟು ಮಗ್ಗುಲು ಮಾಡಿಕೊಳ್ಳುತ್ತೇನೆ. ಒಂದು ಮಗ್ಗುಲು ಒಂದೇ ಎಳೆತ, ರೂಫಿನಿಂದ ಕೆಳಕ್ಕೆ, ನೇರವಾಗಿ. ಗುಂಡಗೆ ತಿಕ್ಕುವುದಿಲ್ಲ. ಎಂಟೂ ಮುಗಿದ ಮೇಲೆ ಆ ಟವೆಲ್ ಮತ್ತೆ ಬಕೆಟ್ ಮುಟ್ಟುವಂತಿಲ್ಲ, ಬೇರೆ ಚೀಲಕ್ಕೆ ಹೋಗುತ್ತದೆ. ಒಂದು ಕಾರಿಗೆ ಆರೇಳು ಟವೆಲ್. ಚಕ್ರದ ಮೇಲಿನ ಭಾಗ, ಡೋರಿನ ಕೆಳಗಿನ ಪಟ್ಟಿಗೆ ಹಳೆಯದು ಬೇರೆ, ಅದೂ ಕೊನೆಗೆ. ಒಂದು ಪ್ಯಾನೆಲ್ ತೊಳೆದ ತಕ್ಷಣ ಒಣಗಿಸಿಯೇ ಮುಂದಿನದಕ್ಕೆ ಕೈ ಹಾಕಬೇಕು. ಟವೆಲ್ ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ನೀರು ಹೀರುವುದು ನಿಂತುಹೋಗುತ್ತದೆ.

ನಂಬದವರಲ್ಲಿ ಒಬ್ಬ ಡೀಟೇಲಿಂಗ್ ಅಂಗಡಿಯವನು, ಅಂದರೆ ಕಾರಿಗೆ ಪಾಲಿಶ್, ಕೋಟಿಂಗ್ ಮಾಡುವವನು. ಅವನ ಕಾರಿನ ಬಾನೆಟ್ಟಿಗೆ ಇಬ್ಬರೂ ಸೇರಿ ಒಂದೇ ಡಬ್ಬದ ವ್ಯಾಕ್ಸ್ ಹಾಕಿದೆವು. ಬಲಭಾಗ ಅವನು ಫೋಮ್ ಹಾಕಿ ತೊಳೆಯಬೇಕು, ಎಡಭಾಗ ನಾನು. ಜೂನ್‌ನಲ್ಲಿ ಶುರು ಮಾಡಿದ್ದು. ದಸರಾ ಹೊತ್ತಿಗೆ ಅವನ ಕಡೆ ನೀರು ಹರಡುತ್ತಿತ್ತು, ನನ್ನ ಕಡೆ ಹನಿ ನಿಲ್ಲುತ್ತಿತ್ತು. ಟಾರ್ಚ್ ಹಿಡಿದು ಗೀರು ಹುಡುಕಿದ, ಅವನ ಅರ್ಧದಲ್ಲೇ ಜಾಸ್ತಿ ಸಿಕ್ಕಿದವು. ಈಗ ತನ್ನ ಕೋಟಿಂಗ್ ಮಾಡಿಸಿದ ಗಾಡಿಗಳನ್ನು ತಿಂಗಳ ತೊಳೆತಕ್ಕೆ ನನ್ನ ಹತ್ತಿರವೇ ಕಳಿಸುತ್ತಾನೆ.

ನಡುವೆ ಅಂಟುವಾಳವನ್ನೂ ನೋಡಿದೆ. ರೇಷ್ಮೆ ಸೀರೆಗೆ ಆಗುವುದು ಕಾರಿಗೆ ಯಾಕಾಗಬಾರದು ಅಂತ. ರಾತ್ರಿ ನೆನೆಹಾಕಿ, ಕಿವುಚಿ, ಪಂಚೆಯಲ್ಲಿ ಎರಡು ಸಲ ಸೋಸಿದೆ. ವ್ಯಾಕ್ಸ್‌ಗೆ ಏನೂ ಆಗಲಿಲ್ಲ, ಧೂಳೂ ಹೋಯಿತು. ಆದರೆ ಬಿಳಿ ಕಾರಿನ ಮೇಲೆ ಕಂದು ಗೆರೆ ಉಳಿಯಿತು, ಅದನ್ನು ತೆಗೆಯಲು ಮತ್ತೆ ನೀರು ಬೇಕಾಯಿತು. ಸ್ವಂತ ಕಡುಬಣ್ಣದ ಗಾಡಿ ಇರುವವರು ಮಾಡಿ ನೋಡಬಹುದು. ಎಸಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಬಂಗಾರ. ಮೀಟರ್‌ನಲ್ಲಿ ಮೂವತ್ತೂ ದಾಟುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಎರಡು ಮನೆಯವರು ರಾತ್ರಿ ಕ್ಯಾನ್ ಇಟ್ಟು ನನಗಾಗಿ ಹಿಡಿದಿಡುತ್ತಾರೆ. ಮಳೆಗಾಲದಲ್ಲಿ ತಾರಸಿ ನೀರು, ಮೊದಲ ಮಳೆಯದನ್ನು ಬಿಟ್ಟು. ಆರ್‌ಒ ಮಷಿನ್ ಹೊರಗೆ ಬಿಡುವ ನೀರನ್ನು ಯಾರೂ ಮುಟ್ಟಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಖರ್ಚು ಹೇಳುತ್ತೇನೆ. ಟವೆಲ್‌ಗಳಿಗೆ ಮೊದಲು ಮೂರು ಸಾವಿರದಷ್ಟು ಹಾಕಿದೆ. ಈಗ ಒಂದು ಕಾರಿಗೆ ಲಿಕ್ವಿಡ್ ಮೂವತ್ತು ನಲವತ್ತು ರೂಪಾಯಿ ಬೀಳುತ್ತದೆ, ಫೋಮ್ ಹತ್ತರಲ್ಲಿ ಮುಗಿಯುತ್ತಿತ್ತು. ಆದರೆ ತೊಳೆತಕ್ಕೆ ನೂರು ರೂಪಾಯಿ ಜಾಸ್ತಿ ಕೇಳುತ್ತೇನೆ, ಕೊಡುತ್ತಾರೆ. ಯಾಕೆಂದರೆ ವರ್ಷಕ್ಕೆ ಆರೇಳು ಸಲ ಹಾಕಿಸುತ್ತಿದ್ದ ವ್ಯಾಕ್ಸ್ ಮೂರಕ್ಕೆ ಇಳಿದಿದೆ.

ಹಕ್ಕಿ ಹಿಕ್ಕೆಗೆ ನಾನು ಮಾಡಿಕೊಂಡಿರುವ ಒಂದು ಮಿಶ್ರಣ ಇದೆ, ಅದನ್ನಿಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ. ಒದ್ದೆ ಬಟ್ಟೆ ಐದು ನಿಮಿಷ ಹೊದಿಸಿ ನೆನೆಸಿ, ಎತ್ತಿ ತೆಗೆಯಿರಿ, ಉಜ್ಜಬೇಡಿ, ಅಷ್ಟು ಸಾಕು. ಕೆಸರು ಮೆತ್ತಿಕೊಂಡು ಊರಿಂದ ಬಂದ ಗಾಡಿಗೆ ಈ ವಿಧಾನ ಹಾಕಲೇಬೇಡಿ. ಅಂಥದ್ದು ಬಂದರೆ ನಾನೇ ವಾಟರ್ ಸರ್ವಿಸ್‌ಗೆ ಕಳಿಸುತ್ತೇನೆ, ‘ಬರೀ ನೀರು ಹೊಡೀರಿ ಅಣ್ಣ, ಫೋಮ್ ಬೇಡ, ಡೀಸೆಲ್ ಬೇಡ ಅನ್ನಿ’ ಅಂತ ಹೇಳಿಕೊಟ್ಟು. ಮಣ್ಣು ಹೋದ ಮೇಲೆ ಒದ್ದೆ ಆರುವ ಮುಂಚೆ ನನ್ನ ಹತ್ತಿರ ಬಂದರೆ ಮುಂದಿನದು ನನಗೆ ಬಿಟ್ಟದ್ದು.