ಟ್ಯಾಗ್ ಕಳಚಿದ ಸೂಟ್‌ಕೇಸ್ ಹುಡುಕಿದ ಬಗೆ

ವಿಮಾನದಲ್ಲಿ ಹಾಕಿದ ಸಾಮಾನು ಬಾರದೆ ಹೋದರೆ ಅದನ್ನು ಹುಡುಕುವವರು ನಮ್ಮ ಹೆಸರಿಗಿಂತ ಮೊದಲು ನೋಡುವುದು ಹಿಡಿಕೆಗೆ ಸುತ್ತಿದ ಕಾಗದದ ಟ್ಯಾಗಿನಲ್ಲಿರುವ ಹತ್ತು ಅಂಕಿಗಳನ್ನು. ಟ್ಯಾಗ್ ಇರುವವರೆಗೆ ಸೂಟ್‌ಕೇಸ್ ಎಲ್ಲೇ ಇದ್ದರೂ ಯಂತ್ರ ಅದನ್ನು ಓದುತ್ತದೆ. ಆ ಟ್ಯಾಗೇ ಕಿತ್ತುಹೋದರೆ ಏನು ಮಾಡಬೇಕು ಎಂಬುದನ್ನು ನಾನು ಕಲಿತದ್ದು ಕಳೆದ ಚಳಿಗಾಲದಲ್ಲಿ, ಮಗಳ ಬಾಣಂತನಕ್ಕೆಂದು ಹ್ಯಾಂಬರ್ಗ್‌ಗೆ ಹೋದಾಗ.

ಬೆಂಗಳೂರಿನಿಂದ ಹೊರಟು ಯುರೋಪಿನ ಇನ್ನೊಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಿ ಹ್ಯಾಂಬರ್ಗ್ ಸೇರುವುದು ನಮ್ಮ ದಾರಿ. ಎರಡು ಸೂಟ್‌ಕೇಸ್. ಒಂದರಲ್ಲಿ ನಮ್ಮ ಬಟ್ಟೆಬರೆ. ಬೂದು ಬಣ್ಣದ ಇನ್ನೊಂದರಲ್ಲಿ ನನ್ನ ಹೆಂಡತಿ ತಿಂಗಳುಗಟ್ಟಲೆ ಕೂಡಿಸಿಟ್ಟ ಸಾಮಾನು: ಒಣಶುಂಠಿ, ಓಮ, ಮೆಣಸು, ಜೀರಿಗೆಗಳನ್ನು ಹುರಿದು ಕುಟ್ಟಿದ ಪುಡಿಗಳು, ಒಣಕೊಬ್ಬರಿ, ಹಳೆಯ ಹತ್ತಿ ಸೀರೆ ಹರಿದು ಒಗೆದು ಮಡಿಸಿದ ಬಟ್ಟೆಗಳು, ಎರಡು ಕುಲಾವಿ, ಒಂದು ಒಳಲೆ, ಚನ್ನಪಟ್ಟಣದ ಮರದ ಗಿಲಕಿ, ತಳದಲ್ಲಿ ಅವಳ ಉಣ್ಣೆಯ ಕೋಟು. ತುಪ್ಪ ಇಟ್ಟಿರಲಿಲ್ಲ, ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಅಂಗಡಿಯ ಲೆಕ್ಕದಲ್ಲಿ ಇವಕ್ಕೆ ದೊಡ್ಡ ಬೆಲೆಯೇನೂ ಇಲ್ಲ. ಆದರೆ ಹ್ಯಾಂಬರ್ಗ್‌ನ ಯಾವ ಅಂಗಡಿಯಲ್ಲಿಯೂ ಅವು ಹಾಗೆ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಸಾಮಾನು ಒಪ್ಪಿಸುವಾಗ ಟ್ಯಾಗನ್ನು ಓದಿ ನೋಡುವುದು ನನ್ನ ರೂಢಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ರಸೀದಿ ಓದದೆ ಜೇಬಿಗೆ ಹಾಕುವುದು ನನ್ನಿಂದ ಆಗದು. ಟ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಕೊನೆಯ ಊರಿನ ಮೂರಕ್ಷರದ ಸಂಕೇತ ಇರುತ್ತದೆ. ಹ್ಯಾಂಬರ್ಗ್‌ಗೆ ಅದು ಎಚ್‌ಎಎಂ. ನಡುವೆ ಇಳಿಯುವ ಊರಿನ ಸಂಕೇತವೇ ದಪ್ಪಕ್ಷರದಲ್ಲಿದ್ದರೆ ಅಲ್ಲಿಯೇ ಕೇಳಬೇಕು. ಅಂಕಿಗಳಲ್ಲಿ ಮೊದಲನೆಯದು ಟ್ಯಾಗಿನ ಬಗೆಯನ್ನು ಹೇಳುತ್ತದೆ, ಮುಂದಿನ ಮೂರು ವಿಮಾನ ಸಂಸ್ಥೆಯ ಸಂಖ್ಯೆ, ಉಳಿದ ಆರು ನಮ್ಮ ಸಾಮಾನಿನ ಕ್ರಮಸಂಖ್ಯೆ. ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಡುವ ಪುಟ್ಟ ಚೀಟಿಯಲ್ಲಿಯೂ ಅದೇ ಅಂಕಿಗಳಿರುತ್ತವೆ. ನಾನು ಆ ಚೀಟಿಯನ್ನೂ ಸೂಟ್‌ಕೇಸನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಹಿಂದಿನ ರಾತ್ರಿ ಮುಚ್ಚಳ ಹಾಕುವ ಮುನ್ನ ತುಂಬಿದ ಸೂಟ್‌ಕೇಸಿನ ಚಿತ್ರವನ್ನೂ ತೆಗೆದಿದ್ದೆ. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಆ ಚಿತ್ರವೇ.

ಹ್ಯಾಂಬರ್ಗ್‌ನಲ್ಲಿ ಬಟ್ಟೆಯ ಸೂಟ್‌ಕೇಸ್ ಬಂತು, ಬೂದು ಬಣ್ಣದ್ದು ಬರಲಿಲ್ಲ. ಬೆಲ್ಟ್ ನಿಂತಿತು. ಮಗಳು ಹೊರಗೆ ಕಾಯುತ್ತಿದ್ದರೂ ನಾವು ಹೊರಗೆ ಹೋಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ: ಸಾಮಾನು ಬಾರದಿದ್ದರೆ ಆ ಹಜಾರದಲ್ಲಿಯೇ ಇರುವ ಕೌಂಟರಿಗೆ ಹೋಗಿ ದೂರು ದಾಖಲಿಸಿ, ಅದರ ಪ್ರತಿ ಕೈಗೆ ಬಂದ ಮೇಲೆಯೇ ಹೊರಡಬೇಕು. ದಾರಿಯಲ್ಲಿ ಬೇರೆ ಬೇರೆ ಸಂಸ್ಥೆಗಳ ವಿಮಾನ ಹತ್ತಿದ್ದರೆ ಕೊನೆಯ ವಿಮಾನದ ಸಂಸ್ಥೆಯ ಕೌಂಟರಿಗೆ ಹೋಗಬೇಕು. ಹುಡುಕುವ ಹೊಣೆ ಅವರದು. ಅವರು ಬರೆದುಕೊಡುವ ವರದಿಗೆ ಪಿಐಆರ್ ಎನ್ನುತ್ತಾರೆ. ಅದರ ಸಂಖ್ಯೆಯಲ್ಲಿ ನಿಲ್ದಾಣದ ಮೂರಕ್ಷರ, ಸಂಸ್ಥೆಯ ಎರಡಕ್ಷರ, ಬಳಿಕ ಐದು ಅಂಕಿ ಇರುತ್ತವೆ. ಮುಂದಿನ ಎಲ್ಲ ಮಾತುಕತೆ ಆ ಸಂಖ್ಯೆಯ ಮೇಲೆಯೇ ನಡೆಯುತ್ತದೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಸಮಾಧಾನದಿಂದ ಬರೆದುಕೊಂಡಳು. ಬಣ್ಣಗಳೂ ಸೂಟ್‌ಕೇಸಿನ ಬಗೆಗಳೂ ಇರುವ ಒಂದು ಚಿತ್ರಪಟ ತೋರಿಸಿ ಯಾವುದೆಂದು ಬೊಟ್ಟು ಮಾಡಲು ಹೇಳಿದಳು. ಜಗತ್ತಿನ ಎಲ್ಲೆಡೆ ಅದೇ ಪಟ ಬಳಕೆಯಲ್ಲಿದೆ, ಪ್ರತಿಯೊಂದಕ್ಕೂ ಒಂದು ಸಂಕೇತವಿದೆ. ನೆನಪಿನಿಂದ ಹೇಳುವ ಬದಲು ಮೊಬೈಲಿನ ಚಿತ್ರ ತೋರಿಸಿದೆ. ಬೂದು ಎಂದು ನಾವು ಕರೆಯುವುದನ್ನು ಇನ್ನೊಬ್ಬರು ಬೆಳ್ಳಿ ಬಣ್ಣ ಎಂದು ಬರೆದರೆ ಹುಡುಕಾಟದ ದಿಕ್ಕೇ ತಪ್ಪುತ್ತದೆ.

ಅಳಿಯನ ಒತ್ತಾಯಕ್ಕೆ ಎರಡೂ ಸೂಟ್‌ಕೇಸ್‌ಗಳಲ್ಲಿ ಒಂದೊಂದು ಏರ್‌ಟ್ಯಾಗ್, ಅಂದರೆ ಇರುವ ಜಾಗವನ್ನು ಮೊಬೈಲಿಗೆ ತಿಳಿಸುವ ಆ್ಯಪಲ್ ಕಂಪನಿಯ ಪುಟ್ಟ ಸಾಧನ, ಹಾಕಿದ್ದೆವು. ಬೂದು ಸೂಟ್‌ಕೇಸ್ ನಡುವೆ ಇಳಿದ ನಿಲ್ದಾಣದಲ್ಲಿಯೇ ಇದೆ ಎಂದು ಅದು ತೋರಿಸಿತು. ಅಚ್ಚರಿಯೇನಿಲ್ಲ. ವಿಮಾನ ಸಂಸ್ಥೆಗಳಿಗೆ ತಂತ್ರಾಂಶ ಒದಗಿಸುವ ಸಿಟಾ ಸಂಸ್ಥೆಯ ವರದಿಯಂತೆ 2024ರಲ್ಲಿ ತಪ್ಪಿದ ಸಾಮಾನುಗಳಲ್ಲಿ ಶೇ. 41ರಷ್ಟು ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವಾಗ ತಪ್ಪಿದವು. ಆದರೆ ನಮ್ಮ ವಿಮಾನ ಸಂಸ್ಥೆಯ ವೆಬ್‌ಸೈಟಿನಲ್ಲಿ ನಮ್ಮ ಪಿಐಆರ್ ಸಂಖ್ಯೆ ಹಾಕಿದಾಗಲೆಲ್ಲ ಬರುತ್ತಿದ್ದದ್ದು ಒಂದೇ ಉತ್ತರ: ಹುಡುಕಾಟ ಮುಂದುವರಿದಿದೆ.

ನಮಗೆ ಗೊತ್ತಿರುವುದು ಅವರಿಗೇಕೆ ಗೊತ್ತಿಲ್ಲ? ಆ ರಾತ್ರಿ ಅದನ್ನೇ ಯೋಚಿಸಿದೆ. 2018ರ ಜೂನ್‌ನಿಂದ ಜಾರಿಯಲ್ಲಿರುವ, ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ ಮಾಡಿದ ನಿಯಮದಂತೆ ಸಾಮಾನನ್ನು ನಮ್ಮಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ನಡುವಿನ ನಿಲ್ದಾಣದಲ್ಲಿ ಕೈಬದಲಾದಾಗ, ಕೊನೆಗೆ ನಮಗೆ ಮರಳಿಸುವಾಗ ಅದರ ದಾಖಲೆ ಇರಬೇಕು. ಸುಮ್ಮನೆ ಹಿಂದುಳಿದ ಸೂಟ್‌ಕೇಸಾಗಿದ್ದರೆ ಟ್ಯಾಗನ್ನು ಓದಿ ಮುಂದಿನ ವಿಮಾನಕ್ಕೆ ಹಾಕಿರುತ್ತಿದ್ದರು. ಅದು ಒಂದೇ ಕಡೆ ಕದಲದೆ ಕುಳಿತಿದೆ, ಯಾರ ಲೆಕ್ಕದಲ್ಲಿಯೂ ಇಲ್ಲ ಎಂದರೆ ಅದರ ಟ್ಯಾಗ್ ಕಳಚಿದೆ. ಬೇರೆ ವಿವರಣೆ ನನಗೆ ಹೊಳೆಯಲಿಲ್ಲ.

ಬ್ಯಾಂಕಿನಲ್ಲಿ ಯಾರ ಖಾತೆಗೆ ಸೇರಬೇಕೆಂದು ತಿಳಿಯದ ಹಣವನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ಹಣ ಕಳುಹಿಸಿದವನು ಒಂದು ಕಡೆ ದೂರು ಕೊಟ್ಟಿರುತ್ತಾನೆ, ಹಣ ಇನ್ನೊಂದು ಕಡೆ ಬಿದ್ದಿರುತ್ತದೆ. ಮೊತ್ತ, ದಿನಾಂಕ, ಶಾಖೆ ಹೊಂದಿಸಿ ನೋಡಿದಾಗ ಎರಡೂ ಕೂಡುತ್ತವೆ. ಸಾಮಾನಿನ ಪಾಡೂ ಅದೇ. ವಿಮಾನ ಸಂಸ್ಥೆಗಳು ಬಳಸುವ ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆಯಲ್ಲಿ ಕಳೆದುಕೊಂಡವರ ದೂರಿಗೆ ಎಎಚ್‌ಎಲ್ ಕಡತ, ವಾರಸುದಾರರಿಲ್ಲದೆ ಸಿಕ್ಕ ಸಾಮಾನಿಗೆ ಓಎಚ್‌ಡಿ ಕಡತ. ಎರಡನ್ನೂ ಅದು ನೂರು ದಿನಗಳವರೆಗೆ ಹೋಲಿಸುತ್ತಲೇ ಇರುತ್ತದೆ. ಟ್ಯಾಗ್ ಇಲ್ಲದಾಗ ಹೋಲಿಕೆಗೆ ಉಳಿಯುವುದು ಬಣ್ಣ, ಬಗೆ, ತಯಾರಕರ ಹೆಸರು, ಒಳಗಿನ ವಸ್ತುಗಳು. ಬೂದು ಬಣ್ಣದ, ಗಟ್ಟಿ ಚಿಪ್ಪಿನ, ನಾಲ್ಕು ಗಾಲಿಯ ಸೂಟ್‌ಕೇಸ್‌ಗಳು ದೊಡ್ಡ ನಿಲ್ದಾಣದಲ್ಲಿ ಅದೆಷ್ಟು ಇರುತ್ತವೋ. ನಮ್ಮದನ್ನು ನಮ್ಮದೆಂದು ತೋರಿಸಬಲ್ಲದ್ದು ಒಳಗಿನ ಸಾಮಾನು ಮಾತ್ರ.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಪಟ್ಟಿ ಬರೆಯಲು ಆರಂಭಿಸಿದೆ. “ಮೇಲಿನಿಂದ ಕೆಳಗೆ ಹೇಳುತ್ತಾ ಹೋಗು” ಎಂದೆ. “ಹಾಗೇಕೆ ರೀ, ನೆನಪಾದಂತೆ ಹೇಳಿದರೆ ಆಗದೇ?” ಎಂದಳು. ಸೂಟ್‌ಕೇಸ್ ತೆರೆದವರಿಗೆ ಮೊದಲು ಕಾಣುವುದು ಮೇಲಿರುವುದೇ, ಅವರು ಬರೆದುಕೊಳ್ಳುವುದೂ ಅದನ್ನೇ. ಹೊರಡುವ ಹಿಂದಿನ ರಾತ್ರಿ ತೆಗೆದ ಚಿತ್ರ ಮುಂದಿಟ್ಟುಕೊಂಡು ಅವಳು ಹೇಳಿದಳು, ಮಗಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಬಟ್ಟೆ, ಆಹಾರ ಎಂದು ಬರೆದರೆ ಅದು ಪ್ರತಿಯೊಬ್ಬರ ಸೂಟ್‌ಕೇಸಿಗೂ ಹೊಂದುತ್ತದೆ. ಹಾಗಾಗಿ ನಾವು ಬರೆದದ್ದು ಇಷ್ಟು: ಮೇಲ್ಭಾಗದಲ್ಲಿ ಮಡಿಸಿದ ಬಿಳಿ ಹತ್ತಿ ಬಟ್ಟೆಗಳ ಕಟ್ಟು; ಕೆಂಪು ಮತ್ತು ಹಳದಿ ಬಣ್ಣದ ಮರದ ಗಿಲಕಿ; ಒಂದು ಬದಿಯಲ್ಲಿ ಕೊಕ್ಕಿನಂತೆ ಚಾಚಿದ ಪುಟ್ಟ ಸ್ಟೀಲಿನ ಬಟ್ಟಲು; ಕಂದು ಪುಡಿಯ ಪೊಟ್ಟಣಗಳು, ಅವುಗಳ ಮೇಲೆ ನೀಲಿ ಶಾಯಿಯಲ್ಲಿ ದುಂಡನೆಯ ಭಾರತೀಯ ಲಿಪಿಯ ಕೈಬರಹ; ತಳದಲ್ಲಿ ಕಡುಗೆಂಪು ಉಣ್ಣೆಯ ಕೋಟು. ಹೆಂಡತಿ ಪ್ರತಿಯೊಂದು ಪೊಟ್ಟಣದ ಮೇಲೂ ಕನ್ನಡದಲ್ಲಿ ಹೆಸರು ಬರೆದಿದ್ದಳು. ಆ ಅಕ್ಷರಗಳ ಚಿತ್ರವನ್ನೂ ಸೇರಿಸಿ, ವಾರಸುದಾರರಿಲ್ಲದ ಸಾಮಾನುಗಳ ಓಎಚ್‌ಡಿ ಕಡತಗಳೊಡನೆ ಇದನ್ನು ಹೋಲಿಸಿ ನೋಡಬೇಕೆಂದು ಮಿಂಚಂಚೆ ಕಳುಹಿಸಿದೆವು. ಅದೇ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ನಮ್ಮ ಕಡತಕ್ಕೂ ಸೇರಿಸಿದೆವು.

ಏರ್‌ಟ್ಯಾಗಿನ ಜಾಗವನ್ನೂ ಹಂಚಿಕೊಂಡೆವು. ಐಫೋನಿನಲ್ಲಿ 2024ರ ಡಿಸೆಂಬರಿನ ತಂತ್ರಾಂಶದಿಂದ ಇದಕ್ಕೆ ದಾರಿ ಇದೆ. ಒಂದು ಕೊಂಡಿಯನ್ನು ರಚಿಸಿ ಕಳುಹಿಸಿದರೆ ಸಂಸ್ಥೆಯವರು ತಮ್ಮ ಪರದೆಯಲ್ಲಿಯೇ ಜಾಗ ನೋಡಬಹುದು; ಏಳು ದಿನಕ್ಕೆ ಕೊಂಡಿ ತಾನಾಗಿ ಮುಚ್ಚುತ್ತದೆ, ಬೇಕಾದರೆ ಮತ್ತೆ ರಚಿಸಬೇಕು. ಆದರೆ ಇದನ್ನೊಂದೇ ನಂಬಿ ಕೂರಬಾರದು. ಏರ್‌ಟ್ಯಾಗಿನಲ್ಲಿ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವ ಆ್ಯಪಲ್ ಸಾಧನಗಳು ಅದರ ಬ್ಲೂಟೂತ್ ತರಂಗವನ್ನು ಹಿಡಿದು ಜಾಗ ತಿಳಿಸುತ್ತವೆ. ಹಾಗಾಗಿ ಭೂಪಟದ ಚುಕ್ಕೆಯ ಜೊತೆಗೆ ಅದು ಯಾವ ಹೊತ್ತಿನದು ಎಂಬುದನ್ನೂ ನೋಡಬೇಕು. ಅದು ಕಟ್ಟಡ ಯಾವುದೆಂದು ಹೇಳೀತು. ಸಾಲುಸಾಲು ಸೂಟ್‌ಕೇಸ್‌ಗಳ ನಡುವೆ ಯಾವುದು ನಮ್ಮದೆಂದು ಕೆಲಸದವರಿಗೆ ತಿಳಿಸುವುದು ನಮ್ಮ ಪಟ್ಟಿಯೇ.

ದೂರವಾಣಿಯಲ್ಲಿ ಮಾತನಾಡುವಾಗ ನಾನು ಒಂದು ಕ್ರಮ ಪಾಲಿಸಿದೆ. ಮೊದಲು ಪಿಐಆರ್ ಸಂಖ್ಯೆ, ಬಳಿಕ ಟ್ಯಾಗಿನ ಅಂಕಿಗಳು, ಬಳಿಕ ಒಂದೇ ಪ್ರಶ್ನೆ: ಆ ನಿಲ್ದಾಣದ ಓಎಚ್‌ಡಿ ಕಡತಗಳೊಡನೆ ನಮ್ಮ ಪಟ್ಟಿಯನ್ನು ಹೋಲಿಸಿದ್ದಾರೆಯೇ? “ನಮ್ಮ ಸಾಮಾನು ಎಲ್ಲಿ?” ಎಂದು ಕೇಳಿದರೆ ಪರದೆಯಲ್ಲಿರುವ ಆ ಒಂದು ಸಾಲನ್ನೇ ಓದಿ ಹೇಳುತ್ತಾರೆ. ಪಾಪ, ಅವರಾದರೂ ಏನು ಮಾಡಿಯಾರು, ಅವರ ಮುಂದಿರುವುದು ಅಷ್ಟೇ. ಓಎಚ್‌ಡಿ ಎಂದಾಗ ಆಚೆಗಿನ ದನಿ ಬದಲಾಗುತ್ತಿತ್ತು; ಕೆಲವರು ನಮ್ಮನ್ನು ಕಾಯಿಸಿ, ಆ ನಿಲ್ದಾಣಕ್ಕೆ ಸಂದೇಶ ಕಳುಹಿಸಿ, ಕಳುಹಿಸಿದ್ದೇವೆಂದು ಹೇಳಿದರು. ಯಾರು, ಯಾವ ಹೊತ್ತಿಗೆ, ಏನೆಂದರು ಎಂಬುದನ್ನೆಲ್ಲ ಬರೆದಿಟ್ಟುಕೊಂಡೆ.

ಕೊನೆಗೆ ಒಂದು ಮಧ್ಯಾಹ್ನ ನಡುವಿನ ನಿಲ್ದಾಣದಿಂದಲೇ ಕರೆ ಬಂತು. ಮುಚ್ಚಳ ತೆರೆದಾಗ ಮೇಲೆ ಏನಿದೆ ಎಂದು ಕೇಳಿದರು. ಹೆಂಡತಿ ಹೇಳಿದ್ದನ್ನು ಮಗಳು ಹೇಳಿದಳು. ಆಚೆ ಕಡೆಯವರು ಉಕ್ತಲೇಖನ ತಿದ್ದುವಂತೆ ಒಂದೊಂದಕ್ಕೂ ಹೂಂಗುಟ್ಟಿದರು. ಹಿಡಿಕೆಯ ಟ್ಯಾಗ್ ಹರಿದಿತ್ತು, ನಾವು ಕಟ್ಟಿದ್ದ ಹೆಸರಿನ ಚೀಟಿಯೂ ಇರಲಿಲ್ಲವಂತೆ. ಯಾತ್ರಿಕರಿಲ್ಲದೆ ಸಾಗುವ ಸಾಮಾನಿಗೆ ಹಾಕುವ ರಷ್ ಟ್ಯಾಗ್ ಹಾಕಿ ಅದನ್ನು ಹ್ಯಾಂಬರ್ಗ್‌ಗೆ ಕಳುಹಿಸಿದರು. ಅಲ್ಲಿಂದ ಮಗಳ ಮನೆ ಬಾಗಿಲಿಗೆ ತಲುಪಿಸಿದ್ದೂ ಸಂಸ್ಥೆಯ ಖರ್ಚಿನಲ್ಲಿಯೇ. ಪುಡಿಗಳ ಪೊಟ್ಟಣ ಒಂದೂ ಒಡೆದಿರಲಿಲ್ಲ. ಹೆಂಡತಿ ಅಂದು ಸಂಜೆಯೇ ಒಲೆ ಹಚ್ಚಿದಳು.

ಈಗ ನಮ್ಮ ಪ್ರತಿ ಸೂಟ್‌ಕೇಸಿನಲ್ಲಿಯೂ ಎಲ್ಲಕ್ಕಿಂತ ಮೇಲೆ ಒಂದು ಹಾಳೆ ಇರುತ್ತದೆ: ಹೆಸರು, ತಲುಪಬೇಕಾದ ವಿಳಾಸ, ದೂರವಾಣಿ, ವಿಮಾನಗಳ ಸಂಖ್ಯೆ. ಹಳೆಯ ಪ್ರಯಾಣದ ಪುಟ್ಟ ಬಾರ್‌ಕೋಡ್ ಚೀಟಿಗಳನ್ನು ಕೆರೆದು ತೆಗೆಯುತ್ತೇವೆ, ಇಲ್ಲವಾದರೆ ಯಂತ್ರ ಅವನ್ನೂ ಓದಬಹುದು.

ಭಾರತಕ್ಕೆ ಬರುವವರು ಇನ್ನೊಂದನ್ನು ಗಮನಿಸಬೇಕು. ಸಾಮಾನು ಬಾರದಿದ್ದರೆ ವಿಮಾನ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು, ಬಳಸದೆ ಉಳಿದ ಸುಂಕರಹಿತ ಮಿತಿ ಎಷ್ಟೆಂದು ಅದರಲ್ಲಿ ಬರೆಸಿ, ಕಸ್ಟಮ್ಸ್ ಅಧಿಕಾರಿಯ ಸಹಿ ಹಾಕಿಸಿಕೊಳ್ಳಬೇಕು. ಹಾಗೆ ಮಾಡಿದರೆ ಸೂಟ್‌ಕೇಸ್ ಆಮೇಲೆ ಬಂದಾಗಲೂ ಆ ಮಿತಿ ನಮಗೆ ಸಿಗುತ್ತದೆ. ಸಂಸ್ಥೆಯವರು ದೂರಿಗೆ ಕಿವಿಗೊಡದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಎಂಬ ದೂರು ಜಾಲತಾಣ ಇದೆ.

ಇನ್ನು ಹಣದ ಮಾತು. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತದಲ್ಲಿ ಅದು 2009ರಿಂದ ಜಾರಿಯಲ್ಲಿದೆ. ತಡವಾದದ್ದಕ್ಕೆ ಪರಿಹಾರ ಕೇಳುವ ಪತ್ರವನ್ನು ಸಾಮಾನು ಕೈಸೇರಿದ 21 ದಿನದೊಳಗೆ ಬರೆಯಬೇಕು, ಒಡೆದು ಹಾಳಾಗಿದ್ದರೆ 7 ದಿನದೊಳಗೆ. 21 ದಿನವಾದರೂ ಬಾರದಿದ್ದರೆ ಕಳೆದುಹೋಯಿತೆಂದೇ ಹಕ್ಕು ಸಾಧಿಸಬಹುದು. ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷದ ಗಡುವು. ಒಬ್ಬ ಪ್ರಯಾಣಿಕನಿಗೆ ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ವಿನಿಮಯ ದರಕ್ಕೆ ತಕ್ಕಂತೆ ಒಂದೂಮುಕ್ಕಾಲರಿಂದ ಎರಡು ಲಕ್ಷ ರೂಪಾಯಿಯ ಆಸುಪಾಸು. ಅದು ಮೇಲ್ಮಿತಿ ಮಾತ್ರ. ಕೈಗೆ ಬರುವುದು ರಸೀದಿ ತೋರಿಸಿ ಸಾಬೀತುಪಡಿಸಿದಷ್ಟೇ.

ಹ್ಯಾಂಬರ್ಗ್‌ನ ಚಳಿಯಲ್ಲಿ ಹೆಂಡತಿಗೆ ಕೋಟು ಕೊಂಡೆವು, ಮಗುವಿಗೆ ಬಟ್ಟೆ, ಟೊಪ್ಪಿ ಕೊಂಡೆವು. ಬೇಕಾದಷ್ಟನ್ನೇ ಕೊಂಡು ಪ್ರತಿಯೊಂದಕ್ಕೂ ರಸೀದಿ ಪಡೆದು, ಪಿಐಆರ್ ಪ್ರತಿ, ಟ್ಯಾಗಿನ ಚೀಟಿ, ಬೋರ್ಡಿಂಗ್ ಪಾಸುಗಳೊಡನೆ ಪತ್ರ ಬರೆದೆ. ಕೋಟು ನಿಮ್ಮ ಬಳಿಯೇ ಉಳಿಯುವುದರಿಂದ ಅದರ ಅರ್ಧ ಬೆಲೆ ಮಾತ್ರ ಕೊಡುತ್ತೇವೆ ಎಂದು ಉತ್ತರ ಬಂತು. ನಾನು ಒಪ್ಪಲಿಲ್ಲ. ತಡದಿಂದಾದ ನಷ್ಟಕ್ಕೆ ಸಂಸ್ಥೆಯೇ ಹೊಣೆ ಎನ್ನುವ ಒಪ್ಪಂದದ 19ನೇ ವಿಧಿಯನ್ನು ಉಲ್ಲೇಖಿಸಿ, ಬೆಂಗಳೂರಿನಲ್ಲಿ ಅಂಥ ಕೋಟಿಗೆ ನಮಗೆ ಉಪಯೋಗವಿಲ್ಲ, ಸೂಟ್‌ಕೇಸ್ ಹೊತ್ತಿಗೆ ಬಂದಿದ್ದರೆ ಅದನ್ನು ಕೊಳ್ಳುವ ಅಗತ್ಯವೇ ಇರಲಿಲ್ಲ ಎಂದು ಮತ್ತೊಂದು ಪತ್ರ ಬರೆದೆ. ಉಳಿದರ್ಧವೂ ಅಳಿಯನ ಖಾತೆಗೆ ಜಮೆಯಾಯಿತು.