ಗೊಂಡೋಲಾ: ಒಂದು ಪದದ ಬೇರು ಹುಡುಕೋದು ಹೇಗೆ

ಗುಲ್ಮಾರ್ಗ್‌ಗೆ ಹೋಗಿ ಬಂದವರನ್ನು ಕೇಳಿದರೆ ಗೊಂಡೋಲಾ ಅಂದ್ರೆ ರೋಪ್‌ವೇ ಅಂತಾರೆ. ವೆನಿಸ್ ನೋಡಿದವರು ದೋಣಿ ಅಂತಾರೆ. ಇಬ್ಬರೂ ಹೇಳೋದು ಸರಿ. ಆದರೆ ಪದದ ಹುಟ್ಟು ಬೇಕು ಅಂದ್ರೆ ಮೊದಲು ಯಾವ ಅರ್ಥ ಹಳೆಯದು ಅಂತ ನೋಡಿ. ಗುಲ್ಮಾರ್ಗ್ ರೋಪ್‌ವೇಯ ಮೊದಲ ಹಂತ ಶುರುವಾಗಿದ್ದು 1998ರಲ್ಲಿ. ವೆನಿಸ್‌ನ ದೊರೆ ವಿಟಾಲೆ ಫಾಲಿಯರ್ 1094ರಲ್ಲಿ ಹೊರಡಿಸಿದ ಪತ್ರದಲ್ಲೇ 'ಗೊಂಡುಲಮ್' ಅನ್ನೋ ರೂಪ ಸಿಗುತ್ತದೆ. ಹಾಗಾಗಿ ದೋಣಿಯಿಂದಲೇ ಶುರು ಮಾಡಿ.

ಆಮೇಲಿನದು ಕಷ್ಟದ ಕೆಲಸ, ನನಗೆ ತುಂಬಾ ಇಷ್ಟವಾದದ್ದೂ ಅದೇ. ಬೇರು ಇದೇ ಅಂತ ವಿದ್ವಾಂಸರಲ್ಲೇ ಒಮ್ಮತ ಇಲ್ಲ, ಅದಕ್ಕೇ ಎಲ್ಲಾ ಊಹೆಗಳನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡಬೇಕು. ಇಟಾಲಿಯನ್‌ನಲ್ಲಿ 'ದೊಂಡೊಲಾರೆ' ಅಂದ್ರೆ ತೂಗಾಡು. ನೀರಿನ ಮೇಲೆ ದೋಣಿ ತೂಗಾಡುತ್ತದೆ ನಿಜ, ಆದರೆ ಅದು ಯಾವ ದೋಣಿಗೆ ಹೊಂದಲ್ಲ ಹೇಳಿ? ಗ್ರೀಕಿನಲ್ಲಿ 'ಕೊಂದು' ಅಂದ್ರೆ ಕುಡಿಯುವ ಪಾತ್ರೆ. ಪಾತ್ರೆಯಿಂದ ದೋಣಿಗೆ ಹೆಸರು ಬರೋದಾ ಅಂತ ಅನ್ನಿಸಿದರೆ ಸಂಸ್ಕೃತದ ದ್ರೋಣಿ ನೆನಪಿಸಿಕೊಳ್ಳಿ, ಅದು ಮರದ ತೊಟ್ಟಿಯೂ ಹೌದು, ದೋಣಿಯೂ ಹೌದು. ಇನ್ನೊಂದು ಊಹೆ ಮಧ್ಯಕಾಲದ ಗ್ರೀಕಿನ 'ಕೊಂತೂರ', ಅಂದ್ರೆ ಒಂದು ಬಗೆಯ ಸಣ್ಣ ದೋಣಿ. ನನ್ನ ಒಲವು ಇದರ ಕಡೆಗೇ ಜಾಸ್ತಿ, ಯಾಕಂದ್ರೆ ಆಗಿನ ವೆನಿಸ್‌ಗೆ ಗ್ರೀಕ್ ಮಾತಾಡುವ ಬೈಜಾಂಟಿಯಂ ಸಾಮ್ರಾಜ್ಯದ ಜೊತೆ ಹಡಗು, ವ್ಯಾಪಾರ, ರಾಜಕೀಯ ಎಲ್ಲದರಲ್ಲೂ ನಂಟಿತ್ತು, ದೋಣಿಯ ಜೊತೆ ಅದರ ಹೆಸರೂ ಬರೋದು ಸಹಜ ಅಲ್ವಾ? ಬರೀ ಸದ್ದು ಹೊಂದಿದರೆ ಸಾಲದು, ಈ ಥರ ಜನ ಕೂಡಿ ಬಾಳಿದ ಜಾಗವೂ ಬೇಕು.

ಕೊನೆಗೆ ಅರ್ಥ ಹೇಗೆ ಸರಿಯಿತು ಅಂತ ಹಿಂಬಾಲಿಸಿ. ಇದಕ್ಕೆ ವಸ್ತುವಿನ ಆಕಾರ ಗೊತ್ತಿರಬೇಕು. ವೆನಿಸ್‌ನ ಗೊಂಡೋಲಾ ಸುಮಾರು 11 ಮೀಟರ್ ಉದ್ದ, ತಳ ಚಪ್ಪಟೆ, ಮೈ ತೆಳು. 1900ರಲ್ಲಿ ಜರ್ಮನಿಯ ಮೊದಲ ಜೆಪ್ಪೆಲಿನ್ ವಾಯುನೌಕೆ ಹಾರಿದಾಗ ಅದರ ಹೊಟ್ಟೆಯ ಕೆಳಗೆ ಜನ, ಎಂಜಿನ್ ಹೊತ್ತ ಎರಡು ದೋಣಿಯಂಥ ತೊಟ್ಟಿಗಳು ನೇತಾಡುತ್ತಿದ್ದವು. ಅವನ್ನೂ ಗೊಂಡೋಲಾ ಅಂತಲೇ ಕರೆದರು. ಹೀಗೆ ನೀರಿನ ಪದ ಗಾಳಿಗೆ ಏರಿತು. ಮುಂದೆ ತಂತಿಗೆ ನೇತು ಬೆಟ್ಟ ಹತ್ತುವ ಡಬ್ಬಿಗೂ ಅದೇ ಹೆಸರು ಬಂತು. ಅಮೆರಿಕದಲ್ಲಂತೂ ಮೇಲೆ ತೆರೆದಿರುವ ರೈಲ್ವೆ ವ್ಯಾಗನ್ನೂ ಗೊಂಡೋಲಾನೇ!

ಉಚ್ಚಾರಣೆ ಬಗ್ಗೆ ಒಂದು ಮಾತು. ನಾವು 'ಡೋ' ಎಳೆಯುತ್ತೇವೆ, ಇಟಲಿಯವರು ಮೊದಲ 'ಗೊಂ' ಮೇಲೆ ಒತ್ತು ಕೊಟ್ಟು ಉಳಿದದ್ದನ್ನು ಹಗುರವಾಗಿ ಬಿಡುತ್ತಾರೆ. ದೋಣಿ ನಡೆಸುವವರನ್ನು 'ಗೊಂಡೊಲಿಯೆರೆ' ಅನ್ನಿ.